ಮೋನೆಯಿಂದ ಡೆಬ್ಯೂಸಿಗೆ 20 ವರ್ಷ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳೋಕೆ ಶುರು ಮಾಡಿದವರು ಮೊದಲು ಕಾಲಘಟ್ಟಗಳ ಇಸವಿ ಉರು ಹೊಡೀತಾರೆ. ಬೇಡ. ಸಂಗೀತಕಾರ ಬಾಖ್ ತೀರಿಕೊಂಡ 1750ಕ್ಕೆ ಬರೋಕ್ ಕಾಲಘಟ್ಟ ಮುಗೀತು ಅನ್ನೋದು ಪಠ್ಯಪುಸ್ತಕದವರ ಅನುಕೂಲಕ್ಕೆ. ಕಿವಿಗೊಟ್ಟು ಕೇಳಿ: ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ, ತಂತಿ ಮೀಟೋ ಕೀಲಿಮಣೆ ವಾದ್ಯ) ಜೊತೆ ಕೆಳಸ್ವರದ ಸಾಲು ಎಲ್ಲೂ ನಿಲ್ಲದೆ ನಡೀತಿದ್ಯಾ? ಬಹುಪಾಲು ಬರೋಕ್.

ಚಿತ್ರಕಲೆಯ ಹೆಸರನ್ನ ಸಂಗೀತಕ್ಕೆ ಅಂಟಿಸುವಾಗ ಇನ್ನೂ ಹುಷಾರು. ‘ಇಂಪ್ರೆಷನಿಸಂ’ (ಕ್ಷಣದ ಬೆಳಕು, ಬಣ್ಣದ ಅನಿಸಿಕೆ ಹಿಡಿಯೋ ಶೈಲಿ) ಅನ್ನೋ ಹೆಸರು ಹುಟ್ಟಿಸಿದ, ಚಿತ್ರಕಾರ ಮೋನೆಯ ಸೂರ್ಯೋದಯದ ಚಿತ್ರ ಪ್ಯಾರಿಸ್‌ನಲ್ಲಿ ಪ್ರದರ್ಶನ ಕಂಡದ್ದು 1874ರಲ್ಲಿ. ಸಂಗೀತದಲ್ಲಿ ಅದೇ ಹೆಸರು ಅಂಟಿಸಿಕೊಂಡ ಡೆಬ್ಯೂಸಿಯ ‘ಫಾನ್’ ಪ್ರೆಲ್ಯೂಡ್ (ಅರ್ಧ ಮನುಷ್ಯ, ಅರ್ಧ ಮೇಕೆಯಾದ ವನದೇವತೆ ಕುರಿತ ವಾದ್ಯವೃಂದದ ಕೃತಿ) ಮೊದಲು ನುಡಿಸಿದ್ದು 1894ರಲ್ಲಿ. ಆ ಹಣೆಪಟ್ಟಿ ಡೆಬ್ಯೂಸಿಗೇ ಹಿಡಿಸ್ತಿರಲಿಲ್ಲ, ಅದು ಬೇರೆ ಮಾತು!

ಸುಮಾರು 10 ನಿಮಿಷದ ಕೃತಿ. ಒಂಟಿ ಕೊಳಲಿಂದ ಶುರು. ತೊಡೆ ತಟ್ಟಿ ಲೆಕ್ಕ ಹಾಕಹೊರಟರೆ ತಾಳ ಕೈಗೆ ಸಿಗಲ್ಲ, ಬೇಜಾರಾಗೋದು ಅಲ್ಲೇ. ಆಲಾಪನೆ ಕೇಳೋ ಹಾಗೆ ಕೂತು ಕೇಳಿ.