ನೆಪ ಹೇಳಬಾರದು ಅಂತ ಕಲಿತವರ ಅರ್ಜಿ

2025 ಸೆಪ್ಟೆಂಬರ್ 13, ಶನಿವಾರ
ಬಾಲ್ಟಿಮೋರ್, ಮೇರಿಲ್ಯಾಂಡ್

ಇವತ್ತು ಮಧ್ಯಾಹ್ನವೆಲ್ಲ ಒಂದೇ ಫೈಲು. ರಜೆ ದಿನ ನಾನು ಹೋಗುವ ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಬಂದಿರುವ ಮಾಜಿ ಸೈನಿಕರೊಬ್ಬರದ್ದು. ಸೈನ್ಯದಿಂದ ಬಿಡುಗಡೆಯಾದಾಗ ಸಿಕ್ಕ ದರ್ಜೆಯನ್ನು ಮೇಲಕ್ಕೇರಿಸಿ ಅಂತ ಅರ್ಜಿ ಹಾಕುತ್ತಿದ್ದಾರೆ. ಅದು ದರ್ಜೆಯನ್ನು ಮರುಪರಿಶೀಲಿಸುವ ಸೈನ್ಯದ ಮಂಡಳಿಗೆ ಹೋಗುವ ಮುಂಚೆ ಓದಿ, ಎಲ್ಲಿ ಗಟ್ಟಿಯಿದೆ, ಎಲ್ಲಿ ಸಡಿಲ ಇದೆ ಅಂತ ನೋಡುವುದು ನನ್ನ ಕೆಲಸ. ಅವರನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದ್ದೆ. "ಮಿಲ್ಟ್ರಿ ಬಿಟ್ಟು ಬಂದೋರು ಅಂದ್ರೆ ಬಂದೋರು ಕಣೇ, ಅದರಲ್ಲೂ ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಅಂತ ಇರುತ್ತಾ?" ಅಂದಳು. ಇರುತ್ತೆ. ಇಲ್ಲಿ ಮುಖ್ಯವಾಗಿ ಐದು ಕ್ಲಾಸು. ಮೇಲಿನದು ಆನರಬಲ್. ಅದರ ಕೆಳಗೆ ಜನರಲ್, ಆಮೇಲೆ ಅದರ್ ದ್ಯಾನ್ ಆನರಬಲ್. ಬ್ಯಾಡ್ ಕಂಡಕ್ಟ್, ಡಿಸ್‌ಆನರಬಲ್ ಅನ್ನುವ ಕೊನೆಯ ಎರಡು ಕೋರ್ಟ್ ಮಾರ್ಷಲ್ ಆದರೆ ಮಾತ್ರ. ಅಮೆರಿಕದ ಸೈನ್ಯ ಬಿಡುವ ಪ್ರತಿಯೊಬ್ಬರ ಕೈಗೂ ಡಿಡಿ 214 ಅನ್ನುವ ಕಾಗದ ಬರುತ್ತದೆ. ಅದರ 24ನೇ ಚೌಕದಲ್ಲಿ ಈ ದರ್ಜೆ, 28ನೇ ಚೌಕದಲ್ಲಿ ಬಿಟ್ಟ ಕಾರಣ. ಇವೆರಡೂ ಇಲ್ಲದ ಗಿಡ್ಡ ಪ್ರತಿ ಒಂದಿದೆ. ಆದರೆ ಕೆಲಸ ಕೊಡುವವರು ಸಾಮಾನ್ಯವಾಗಿ ಕೇಳುವುದು ಉದ್ದದ ಪ್ರತಿಯನ್ನೇ.

ಇವರ 24ನೇ ಚೌಕದಲ್ಲಿ ಜನರಲ್ ಅಂತಿದೆ. 28ರಲ್ಲಿ ದುರ್ನಡತೆ, ಬ್ರ್ಯಾಕೆಟ್ಟಿನಲ್ಲಿ ಮಾದಕ ವಸ್ತು ಸೇವನೆ.

ಕತೆ ಚಿಕ್ಕದು. 2009ರ ಆರಂಭದಲ್ಲಿ ಸೇರಿದರು, ಆಗ ವಯಸ್ಸು 19. 2011ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ 2012ರ ಏಪ್ರಿಲ್‌ನಲ್ಲಿ ವಾಪಸ್ ಬಂದರು. ಅದೇ ನವೆಂಬರ್‌ನಲ್ಲಿ ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಸಿಕ್ಕಿತು. 2013ರ ಮಾರ್ಚ್‌ನಲ್ಲಿ ಮನೆಗೆ. ವಿಚಾರಣೆ ಅಂತ ಏನೂ ನಡೆಯಲಿಲ್ಲ. ಸೇವೆ ಆರು ವರ್ಷ ದಾಟಿದ್ದರೆ ಅಥವಾ ಅದರ್ ದ್ಯಾನ್ ಆನರಬಲ್ ಕೊಡುವ ಮಾತಿದ್ದರೆ, ಹೊರಗೆ ಹಾಕುವ ಮುಂಚೆಯೇ ಬೇರೊಂದು ವಿಚಾರಣಾ ಮಂಡಳಿಯ ಮುಂದೆ ನಿಂತು ಮಾತಾಡುವ ಹಕ್ಕಿರುತ್ತದೆ. ಇವರದು ನಾಲ್ಕು ವರ್ಷ, ಕೊಟ್ಟಿದ್ದು ಜನರಲ್. ಒಬ್ಬ ಅಧಿಕಾರಿಯ ಸಹಿಯಲ್ಲಿ ಮುಗಿದುಹೋಯಿತು. ಅರ್ಧ ಮೆಟ್ಟಿಲು ಕೆಳಗಿನ ಶಿಕ್ಷೆ ಕೊಟ್ಟರೆ ವಿಚಾರಣೆಯೇ ಬೇಡ, ಎಷ್ಟು ಅನುಕೂಲ ಅಲ್ವಾ?

ಜನರಲ್ ಅಂದರೆ ಅಷ್ಟೇನೂ ಕೆಟ್ಟದ್ದಲ್ಲ ಅಂತ ಹೇಳುವವರಿದ್ದಾರೆ. ಮಾಜಿ ಸೈನಿಕರ ಆಸ್ಪತ್ರೆ ಸಿಗುತ್ತದೆ, ಅಂಗವೈಕಲ್ಯದ ಭತ್ಯೆ ಸಿಗುತ್ತದೆ, ನಿಜ. ಕಾಲೇಜಿನ ದುಡ್ಡು ಸಿಗುವುದಿಲ್ಲ. ಜಿಐ ಬಿಲ್ ಅನ್ನುವ ಮಾಜಿ ಸೈನಿಕರ ಕಾನೂನಿನ ಓದಿನ ಸವಲತ್ತಿಗೆ ಆನರಬಲ್ಲೇ ಆಗಬೇಕು. ಹೊಟ್ಟೆ ಉರಿಸುವ ವಿಷಯ ಅಂದರೆ, ಸೇರಿದ ಮೊದಲ ವರ್ಷ ಆ ಸವಲತ್ತಿಗೆ ಅಂತಲೇ ಅವರ ಸಂಬಳದಿಂದ ತಿಂಗಳಿಗೆ 100 ಡಾಲರ್ ಹಿಡಿದಿದ್ದರು. ಒಟ್ಟು 1,200. ಅದು ವಾಪಸ್ ಬರುವುದಿಲ್ಲ. ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಪ್ರತಿ ಚೀಟಿಯಲ್ಲೂ ಆ ಸಾಲಿನ ಕೆಳಗೆ ಪೆನ್ನಲ್ಲಿ ಗೆರೆ ಎಳೆದಿದ್ದಾರೆ. ಈಗ ಎಸಿ ರಿಪೇರಿ ಕೆಲಸ ಮಾಡಿಕೊಂಡಿದ್ದಾರೆ. ನರ್ಸಿಂಗ್ ಓದಬೇಕು ಅಂತ ಆಸೆ. 2013ರ ಜನವರಿ 1ರಿಂದ ಈಚೆಗೆ ಬಿಡುಗಡೆ ಆದವರಿಗೆ ಪೋಸ್ಟ್ 9/11 ಅನ್ನುವ ಹೊಸ ಜಿಐ ಬಿಲ್‌ನ ಸವಲತ್ತು ಬಳಸಲು ಗಡುವು ಇಲ್ಲ. ಆ ದಿನಾಂಕವನ್ನು ಇವರು ಎರಡೇ ತಿಂಗಳ ಅಂತರದಲ್ಲಿ ದಾಟಿಕೊಂಡಿದ್ದಾರೆ. ಅಷ್ಟರ ಮಟ್ಟಿಗೆ ಅದೃಷ್ಟ.

ಇನ್ನೊಂದು ವಿಚಿತ್ರ. ಮೇರಿಲ್ಯಾಂಡ್‌ನಲ್ಲಿ 2023ರ ಜುಲೈ 1ರಿಂದ 21 ದಾಟಿದವರು ಗಾಂಜಾವನ್ನು ಅಂಗಡಿಯಲ್ಲೇ ಕೊಳ್ಳಬಹುದು. ನಮ್ಮ ಕೇಂದ್ರಕ್ಕೆ ಬರುವ ದಾರಿಯಲ್ಲೇ ಅಂಥದ್ದೊಂದು ಅಂಗಡಿ ಇದೆ. ಹಾಗಂತ ಅದನ್ನು ಅರ್ಜಿಯಲ್ಲಿ ವಾದವಾಗಿ ಇಡಲು ಆಗುವುದಿಲ್ಲ. ಸೈನ್ಯದಲ್ಲಿ ಅದು ಈಗಲೂ ಅಪರಾಧವೇ.

ಇನ್ನು ಅವರ ಹೇಳಿಕೆಗೆ ಬರೋಣ. ನನ್ನ ತಲೆನೋವೆಲ್ಲ ಅಲ್ಲೇ ಇರುವುದು. ಎರಡು ಪುಟ ಬರೆದಿದ್ದಾರೆ, ಅಕ್ಷರ ಮುತ್ತಿನ ಹಾಗಿದೆ. ಮೊದಲ ಸಾಲೇ, "ನಾನು ಮಾಡಿದ್ದಕ್ಕೆ ಯಾವ ನೆಪವೂ ಇಲ್ಲ." ಕೊನೆಯ ಸಾಲು, "ಪೂರ್ತಿ ಜವಾಬ್ದಾರಿ ನನ್ನದೇ." ನಡುವೆ ಕ್ಷಮೆ, ಮತ್ತೆ ಕ್ಷಮೆ. ಯುದ್ಧದ ಬಗ್ಗೆ ಒಂದೇ ಒಂದು ವಾಕ್ಯ. ಅದೂ ತಾನು ಅಲ್ಲಿಗೆ ಹೋಗಿದ್ದಕ್ಕೆ ಹೆಮ್ಮೆ ಇದೆ ಅಂತ.

ಓದಿದರೆ ಗೌರವ ಬರುತ್ತದೆ. ಮಂಡಳಿಯ ಮುಂದೆ ಮಾತ್ರ ಇದು ನಿಲ್ಲುವುದಿಲ್ಲ.

ಯಾಕೆಂದರೆ ಮಂಡಳಿ ಕೇಳುವುದೇ ಬೇರೆ. 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಒಂದು ಸುತ್ತೋಲೆ ಹೊರಡಿಸಿದರು. ಯುದ್ಧದ ಆಘಾತದಿಂದ ಪಿಟಿಎಸ್‌ಡಿ ಅನ್ನುವ ಮಾನಸಿಕ ಕಾಯಿಲೆ ಆಗಿದ್ದವರ ಅರ್ಜಿಯನ್ನು ಉದಾರವಾಗಿ ನೋಡಿ ಅಂತ. 2017ರ ಆಗಸ್ಟ್ 25ರಂದು ಅದೇ ಇಲಾಖೆಯ ಅಧಿಕಾರಿ ಕುರ್ಟಾ ಹೊರಡಿಸಿದ ಸುತ್ತೋಲೆ ಅದನ್ನು ನಾಲ್ಕು ಪ್ರಶ್ನೆಗೆ ಇಳಿಸಿತು. ತಪ್ಪಿನ ಭಾರ ಇಳಿಸುವಂಥ ಕಾಯಿಲೆಯೋ ಅನುಭವವೋ ಇತ್ತೇ? ಸೇವೆಯಲ್ಲಿದ್ದಾಗಲೇ ಇತ್ತೇ? ಅದು ಈ ತಪ್ಪನ್ನು ನಿಜವಾಗಿ ವಿವರಿಸುತ್ತದೆಯೇ? ತಕ್ಕಡಿಯಲ್ಲಿಟ್ಟರೆ ತಪ್ಪಿಗಿಂತ ತೂಕವೇ? ಈ ನಾಲ್ಕಕ್ಕೂ ನಮ್ಮವರ ಉತ್ತರ "ನೆಪ ಇಲ್ಲ ಸರ್". ಸೈನ್ಯಕ್ಕೆ ಸೇರಿದ ಮೊದಲ ವಾರವೇ ಬಾಯಿಗೆ ಬರುವ ಮಾತು ಅದು. ಹೊರಗೆ ಬಂದು ಹನ್ನೆರಡು ವರ್ಷವಾದರೂ ಬಿಟ್ಟಿಲ್ಲ.

ಅದೇ ಸುತ್ತೋಲೆ ಇನ್ನೂ ಒಳ್ಳೆಯ ಮಾತುಗಳನ್ನು ಹೇಳಿದೆ. ಆನರಬಲ್ ಸಿಗಬೇಕಾದರೆ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಬಾರದು ಅಂತೇನಿಲ್ಲ. ವೈದ್ಯರ ದಾಖಲೆ ಇಲ್ಲದಿದ್ದರೂ ಸೈನಿಕನ ಸ್ವಂತ ಮಾತೇ ಸಾಕ್ಷಿ ಆಗಬಹುದು. ಹೆಂಡತಿಯ ಪತ್ರ, ಜೊತೆಗಿದ್ದವರ ಪತ್ರ, ಇದ್ದಕ್ಕಿದ್ದ ಹಾಗೆ ಕೆಲಸ ಕೆಟ್ಟಿದ್ದು, ಕುಡಿತ ಶುರುವಾಗಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮಾಜಿ ಸೈನಿಕರ ಇಲಾಖೆ ಈ ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದರೆ ಅದಕ್ಕೂ ಬೆಲೆ ಇದೆ, ಮಂಡಳಿ ಅದಕ್ಕೆ ಕಟ್ಟುಬಿದ್ದಿಲ್ಲ ಅಷ್ಟೇ. ಇವರಿಗೆ ಆ ಇಲಾಖೆ ಪಿಟಿಎಸ್‌ಡಿ ಅಂತ ಒಪ್ಪಿ ಭತ್ಯೆ ಕೊಡುತ್ತಿದೆ. ಅಂದರೆ ಒಂದೇ ಸರ್ಕಾರದ ಒಂದು ಕೈ ಯುದ್ಧದಿಂದ ನಿನಗೆ ಹೀಗಾಯಿತು ಅನ್ನುತ್ತಿದೆ, ಇನ್ನೊಂದು ಕೈಯ ಕಾಗದದಲ್ಲಿ ಬರೀ ದುರ್ನಡತೆ. ಆ ಭತ್ಯೆಯ ಪತ್ರವನ್ನು ಅವರು ಅರ್ಜಿಗೆ ಲಗತ್ತಿಸಿಯೇ ಇರಲಿಲ್ಲ. "ಅದನ್ನು ತೋರಿಸಿದರೆ ಕರುಣೆ ಬೇಡಿದ ಹಾಗೆ ಆಗುತ್ತಲ್ವಾ ಮ್ಯಾಮ್?" ಅಂದರು.

ಹಳೆ ಕಾಗದಗಳ ಕಟ್ಟಿನಲ್ಲಿ ಇವತ್ತು ಸಿಕ್ಕ ದೊಡ್ಡ ವಸ್ತು ಎರಡು ಫಾರಂ. ಯುದ್ಧದಿಂದ ಬಂದ ತಕ್ಷಣ ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆ. ದುಃಸ್ವಪ್ನ ಬೀಳುತ್ತಾ, ಕೆಲವು ಜಾಗ ಕಂಡರೆ ತಪ್ಪಿಸಿಕೊಂಡು ಓಡಾಡುತ್ತೀರಾ, ಸದಾ ಎಚ್ಚರದಲ್ಲೇ ಇರುತ್ತೀರಾ, ಮನಸ್ಸು ಮರಗಟ್ಟಿದೆಯಾ. 2012ರ ಏಪ್ರಿಲ್‌ನ ಫಾರಂನಲ್ಲಿ ನಾಲ್ಕಕ್ಕೂ ಇಲ್ಲ, ಇಲ್ಲ, ಇಲ್ಲ, ಇಲ್ಲ. ಯಾಕೆ ಅಂತ ಕೇಳಿದೆ. ಹೌದು ಅಂದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ, ಮನೆಗೆ ಹೋಗುವುದು ತಡ ಆಗುತ್ತೆ, ಯಾರೂ ಹೌದು ಹಾಕುತ್ತಿರಲಿಲ್ಲ ಅಂದರು. ಮೂರರಿಂದ ಆರು ತಿಂಗಳಲ್ಲಿ ಇದನ್ನೇ ಮತ್ತೆ ತುಂಬಿಸುತ್ತಾರೆ. ಸೆಪ್ಟೆಂಬರ್‌ನ ಆ ಎರಡನೇ ಫಾರಂನಲ್ಲಿ ನಾಲ್ಕರಲ್ಲಿ ಮೂರಕ್ಕೆ ಹೌದು. ಮೂರನೆಯದಕ್ಕೆ ಮೊದಲು ಇಲ್ಲ ಹಾಕಿ, ಕಾಟು ಹೊಡೆದು, ಹೌದು ಮಾಡಿದ್ದಾರೆ. ಪಕ್ಕದಲ್ಲಿ ಪುಟ್ಟದಾಗಿ ಇನಿಷಿಯಲ್. ಮೂತ್ರ ಪರೀಕ್ಷೆಗೆ ಎರಡು ತಿಂಗಳ ಹಿಂದಿನ ಮಾತು ಇದು. ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ. ಇಂಥದ್ದೊಂದು ಟಿಕ್ ಹಾಕಿದ್ದೇ ಅವರಿಗೆ ನೆನಪಿರಲಿಲ್ಲ.

ಮೂರನೇ ಪ್ರಶ್ನೆ ಕಷ್ಟದ್ದು. ಮೊದಲೇ ಯೋಚಿಸಿ ಮಾಡಿದ ತಪ್ಪಿಗೆ ಮಂಡಳಿ ಸುಲಭವಾಗಿ ಬಗ್ಗುವುದಿಲ್ಲ. ಆದರೆ ನಿದ್ದೆ ಬಾರದವನು ನಿದ್ದೆಗೋಸ್ಕರ ಸೇದಿದ್ದು ಅನ್ನುವ ಕೊಂಡಿ ಮಂಡಳಿಗೆ ಹೊಸದಲ್ಲ. ಆ ಕೊಂಡಿಯನ್ನು ಹೇಳಬೇಕಾದವರು ಇವರೇ. ರಾತ್ರಿ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಎದ್ದು ಏನು ಮಾಡುತ್ತಿದ್ದಿರಿ, ಅವತ್ತು ಸೇದಿದ ಮೇಲೆ ಏನಾಯಿತು ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಬಹಳ ಹೊತ್ತು ಸುಮ್ನೆ ಇದ್ದು, "ಆರು ಗಂಟೆ ಮಲಗಿದೆ ಮ್ಯಾಮ್" ಅಂದರು. ಇದನ್ನೇ ಬರೆಯಿರಿ ಅಂದೆ.

ಮುಚ್ಚಿಡಬೇಕು ಅಂತ ಅವರಿಗಿದ್ದದ್ದು ಬೇರೆಯದೇ. 2010ರಲ್ಲಿ, ಯುದ್ಧಕ್ಕೆ ಹೋಗುವ ಮುಂಚೆ, ಬಿಯರ್ ಕುಡಿದು ಸಿಕ್ಕಿಬಿದ್ದು, ಕೋರ್ಟ್ ಮಾರ್ಷಲ್ ಇಲ್ಲದೆ ಮೇಲಧಿಕಾರಿಯೇ ಶಿಕ್ಷೆ ಕೊಡುವ ಆರ್ಟಿಕಲ್ 15ರ ಅಡಿ ದಂಡ ಕಟ್ಟಿದ್ದರು. ಆಗ ವಯಸ್ಸು 20. ಇಲ್ಲಿ 21 ಆಗದೆ ಕುಡಿಯುವ ಹಾಗಿಲ್ಲ. ಇದನ್ನು ಬಿಡಕೂಡದು ಅಂತ ಖಡಾಖಂಡಿತವಾಗಿ ಹೇಳಿದೆ. ಮಂಡಳಿಯ ಮೇಜಿನ ಮೇಲೆ ಇಡೀ ಸೇವಾ ದಾಖಲೆ ಇರುತ್ತದೆ. ನಾವು ಹೇಳದೆ ಅವರಿಗೆ ಸಿಕ್ಕರೆ ಮಿಕ್ಕಿದ್ದನ್ನೂ ಅನುಮಾನದಿಂದ ನೋಡುತ್ತಾರೆ. ನಾವೇ ಹೇಳಿದರೆ ನಮ್ಮ ಕಡೆಗೇ ತಿರುಗುತ್ತದೆ. ಯುದ್ಧಕ್ಕೆ ಮುಂಚೆ ಒಂದು ಬಿಯರ್, ಬಂದ ಮೇಲೆ ಏಳು ತಿಂಗಳಲ್ಲಿ ತಡವಾಗಿ ಬಂದಿದ್ದಕ್ಕೆ ಐದು ಎಚ್ಚರಿಕೆ ಪತ್ರ. ಹೋಗುವಾಗ ಇದ್ದ ಹುಡುಗ ಬರುವಾಗ ಇರಲಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕಾಗದದ ಮೇಲಿನ ಒಂದು ಪದಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಬ್ರೌನ್ಸ್‌ವಿಲ್ ವಿಷಯ ಹೇಳುತ್ತೇನೆ. 1906ರಲ್ಲಿ ಟೆಕ್ಸಾಸ್‌ನ ಆ ಊರಿನಲ್ಲಿ ರಾತ್ರಿ ಗುಂಡು ಹಾರಿತು, ಒಬ್ಬ ಸತ್ತ. 25ನೇ ಪದಾತಿ ದಳದ 167 ಕಪ್ಪು ಸೈನಿಕರನ್ನು ವಿಚಾರಣೆಯೇ ಇಲ್ಲದೆ, ಗೌರವ ಇಲ್ಲದ ಬಿಡುಗಡೆ ಅಂತ ಬರೆದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೊರಗೆ ಹಾಕಿದರು. ಸೈನ್ಯ ಅದನ್ನು ತಿದ್ದಿದ್ದು 1972ರಲ್ಲಿ. ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು. ಉಳಿದಿದ್ದ ಡಾರ್ಸಿ ವಿಲ್ಲಿಸ್ ಮಿನಿಯಾಪೊಲಿಸ್‌ನಲ್ಲಿ ಜೀವಮಾನವೆಲ್ಲ ಬೂಟ್ ಪಾಲಿಶ್ ಮಾಡಿಕೊಂಡಿದ್ದವರು. ಕೈಗೆ ಆನರಬಲ್ ಕಾಗದ ಬಂದಾಗ ಅವರಿಗೆ 87. ಆಮೇಲೆ 25,000 ಡಾಲರ್ ಪರಿಹಾರ ಕೊಟ್ಟರು. ಈ ಪರಿಶೀಲನಾ ಮಂಡಳಿ ಹುಟ್ಟಿದ್ದೇ 1944ರ ಜಿಐ ಬಿಲ್‌ನಲ್ಲಿ. ದಾಖಲೆ ತಿದ್ದುವ ಇನ್ನೊಂದು ಮಂಡಳಿಗೆ 1946ರಲ್ಲಿ ಕಾನೂನು ಬಂತು. ಅದಕ್ಕೂ ಮುಂಚೆ ದಾಖಲೆ ತಿದ್ದಿಸಬೇಕಾದರೆ ಎಷ್ಟೋ ಜನ ಒಬ್ಬೊಬ್ಬರ ಹೆಸರಿಗೂ ಸಂಸತ್ತಿನಲ್ಲಿ ಬೇರೆ ಬೇರೆ ಮಸೂದೆ ತರಿಸಬೇಕಿತ್ತು.

ಇವರ ಅರ್ಜಿಗೆ ಆತುರ ಇಲ್ಲ. ಬಿಡುಗಡೆಯಾದ 15 ವರ್ಷದೊಳಗೆ ಹಾಕಬೇಕು, 2028ರವರೆಗೆ ಸಮಯ ಇದೆ. ನೇರವಾಗಿ ಮಂಡಳಿಯ ಮುಂದೆ ಹಾಜರಾಗಿ ಮಾತಾಡುತ್ತೇನೆ ಅಂತ ಅವರು ಹಟ ಹಿಡಿದಿದ್ದರು. ಮೊದಲು ಕಾಗದದ ಮೇಲೆ ಪರಿಶೀಲನೆ ಕೇಳೋಣ ಅಂದೆ. ಅದರಲ್ಲಿ ಸೋತರೆ ಹಾಜರಾಗುವ ಅವಕಾಶ ಕೈಯಲ್ಲೇ ಇರುತ್ತದೆ. ಮೊದಲೇ ಹಾಜರಾಗಿ ಸೋತರೆ ಕಾಗದದ ಪರಿಶೀಲನೆ ಇರುವುದಿಲ್ಲ. ಜೊತೆಗೆ, ಇನ್ನೂ "ನೆಪ ಇಲ್ಲ ಸರ್" ಅನ್ನುವವರನ್ನು ಐದು ಜನರ ಮುಂದೆ ಕೂರಿಸಲು ನನಗೇ ಧೈರ್ಯ ಸಾಲದು. ಇದನ್ನು ಅವರಿಗೆ ಹೇಳಿಲ್ಲ. ಓದಿದರೆ ಗೊತ್ತಾಗಲಿ.

ಹೇಳಿಕೆಯನ್ನು ಹೊಸದಾಗಿ ಬರೆಯಲು ಎರಡು ವಾರ ಕೊಟ್ಟಿದ್ದೇನೆ. ಕ್ಷಮೆ ಒಂದೇ ಒಂದು ಸಲ, ಅದೂ ಕೊನೆಯಲ್ಲಿ. ಹೆಂಡತಿಯ ಪತ್ರ ಬರುತ್ತದೆ. ಅಫ್ಘಾನಿಸ್ತಾನದಲ್ಲಿ ಜೊತೆಗಿದ್ದ ಸಾರ್ಜೆಂಟ್ ಒಬ್ಬರು ಈಗ ಒಹಾಯೊದಲ್ಲಿದ್ದಾರಂತೆ, ಅವರನ್ನು ಕೇಳಲು ಇವರಿಗೆ ಸಂಕೋಚ. ನಾನೇ ಸೋಮವಾರ ಫೋನ್ ಮಾಡುತ್ತೇನೆ.