ಇಂಜಿನ್‌ಗೆ ಏನೂ ಆಗಿಲ್ಲ

ನಮ್ಮ ಟಾಟಾ 207 ಪಿಕಪ್ ಗಾಡಿ ಬೀಡಿ ಸೇದೋಕೆ ಶುರುಮಾಡಿ ವರ್ಷವಾಗಿತ್ತು. ಇದು ಮೆಕ್ಯಾನಿಕ್ ಮಾತು. ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದಲೇ ಬುಸುಬುಸು ಹೊಗೆ. ಪಿಸ್ಟನ್ ರಿಂಗ್ ಸವೆದಿತ್ತು. 60 ಬಾಕ್ಸ್ ಟೊಮೆಟೊ, ಅಂದರೆ 900 ಕೆಜಿ ಹೇರಿದರೆ ಸಣ್ಣ ದಿಣ್ಣೆಗೂ ಸೆಕೆಂಡ್ ಗೇರ್. ಮಂಡಿಗೆ ತಡವಾದರೆ ಏನಾಗುತ್ತೆ ಅಂತ ಕೋಲಾರದವರಿಗೆ ಹೇಳಬೇಕಿಲ್ಲ.

ಇಂಜಿನ್ ಬಿಚ್ಚಿ ಬೋರ್ ಮಾಡಿಸಿ ರಿಪೇರಿ ಮಾಡೋಣ ಅಂದೆ. "ಕ್ರ್ಯಾಂಕ್ ಆಗಲೇ ಎರಡು ಸಲ ಗ್ರೈಂಡ್ ಆಗಿದೆ ಅಣ್ಣಾ. ಸುಮ್ನೆ ದುಡ್ಡು ದಂಡ. ಬೇರೆ ಇಂಜಿನ್ನೇ ತನ್ನಿ" ಅಂದ ಮೆಕ್ಯಾನಿಕ್. ಒಳ್ಳೆ ಹುಡುಗ. ಅವನ 'ನಾಳೆ' ಅನ್ನೋದು ಮಾತ್ರ ಮೂರು ದಿನಕ್ಕೆ ಬರುತ್ತದೆ.

ಸೋಮವಾರ ಶಿವಾಜಿನಗರದ ಗುಜರಿಗೆ ಹೋದೆವು. ಅಂಗಡಿಯವನು ಒಂದು ಇಂಜಿನ್ ಮೇಲೆ ಕೈಯಿಟ್ಟ. "ಪಲ್ಟಿ ಹೊಡೆದ ಗಾಡೀದು ಸಾರ್. ಕ್ಯಾಬಿನ್ ಪೂರ್ತಿ ಅಪ್ಪಚ್ಚಿ. ಇಂಜಿನ್‌ಗೆ ಏನೂ ಆಗಿಲ್ಲ."

ನನಗೆ ಖುಷಿಯಾಯಿತು. ನಿಜ ಹೇಳ್ತೀನಿ, ಖುಷಿಯೇ ಆಯಿತು. ಜಾಸ್ತಿ ಓಡದ ಇಂಜಿನ್ ಸಿಗೋದೇ ಅಂಥ ಗಾಡಿಯಲ್ಲಿ. ಇಂಜಿನ್ ನಂಬರ್ ಉಜ್ಜಿಲ್ಲ ತಾನೇ ಅಂತ ಟಾರ್ಚ್ ಹಾಕಿ ನೋಡಿದೆ. ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕಲ್ಲ, ಬಿಲ್ ಕೇಳಿದೆ. ಐದು ಸಾವಿರ ಚೌಕಾಸಿ ಮಾಡಿದೆ. ಬುದ್ಧಿವಂತ ಅನ್ನಿಸಿಕೊಳ್ಳೋಕೆ ಏನೇನು ಕೇಳಬೇಕೋ ಎಲ್ಲಾ ಕೇಳಿದೆ.

ಗುರುವಾರ ಚೈನ್ ಬ್ಲಾಕಿನಲ್ಲಿ ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿದರು. ಡೀಸೆಲ್ ಲೈನಿನ ಗಾಳಿ ತೆಗೆದು ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೇ ಹಿಡಿಯಿತು. ಹೊಗೆ ಇಲ್ಲ. ಅಪ್ಪ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾ ಇಂಜಿನ್ ಎಲ್ಲಿಯದು ಅಂತ ಕೇಳಿದರು. ನಾನು ಅಂಗಡಿಯವನ ಮಾತನ್ನೇ ಒಪ್ಪಿಸಿದೆ. ಪಲ್ಟಿ ಗಾಡಿ, ಕ್ಯಾಬಿನ್ ಅಪ್ಪಚ್ಚಿ, ಇಂಜಿನ್‌ಗೆ ಏನೂ ಆಗಿಲ್ಲ.

"ಡ್ರೈವರ್‌ಗೆ?"

ನಾನು ಮೆಕ್ಯಾನಿಕ್ ಮುಖ ನೋಡಿದೆ. ಅವನು ಸ್ಪ್ಯಾನರ್ ಒರೆಸತೊಡಗಿದ.

ಅಪ್ಪ ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರು. ಅವರಿಗೆ ಮೊದಲು ಹೊಳೆಯೋದು ಸೀಟಿನಲ್ಲಿ ಕೂತವನು. ನನಗೆ ಹೊಳೆದದ್ದು ಪಂಪು, ನಾಝಲ್ಲು, ರೇಟು. ನಾನೂ ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಲೋಡ್ ಹೊಡೆಯುವವನೇ. ನಾಳೆ ನನ್ನ ಗಾಡಿ ಮುಂದೆ ನಿಂತು ಯಾರಾದರೂ ಇದೇ ಮಾತು ಹೇಳಬಹುದು. ಕೇಳಿಸಿಕೊಂಡವನು ಐದು ಸಾವಿರ ಇಳಿಸಿ ಅನ್ನಬಹುದು.

ನಿನ್ನೆ ಆರ್‌ಟಿಓಗೆ ಅಂತ ಬಿಲ್ ತೆಗೆದೆ. ಇಂಜಿನ್ ನಂಬರ್ ಕೆಳಗೆ ಆ ಗಾಡಿಯ ನಂಬರೂ ಇದೆ. ಕೆಎ 07. ನಮ್ಮ ಕೋಲಾರದ್ದೇ. ಇವತ್ತು ಮಂಡಿಯಲ್ಲಿ ಲೋಡ್ ಇಳಿಸುವವರೆಗೂ ಡ್ರೈವರುಗಳ ಮುಖ ನೋಡುತ್ತಾ ನಿಂತಿದ್ದೆ. ಒಬ್ಬ ಕುಂಟುತ್ತಿದ್ದ. ಮಾತಾಡಿಸೋಣ ಅಂತ ಎರಡು ಹೆಜ್ಜೆ ಹೋದೆ, ವಾಪಸ್ ಬಂದೆ.

ಅಪ್ಪನಿಗೆ ಆ ನಂಬರಿನ ವಿಷಯ ಇನ್ನೂ ಹೇಳಿಲ್ಲ.