ಕೇಳುವ ಅಭ್ಯಾಸ, ಮೂರನೇ ವಾರ: ಮಾತಿನ ಬಾಲ ಸಿಕ್ಕಿತು

ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸವಿದು. ಒಪ್ಪಿಗೆ ಪಡೆದು ಹತ್ತು ನಿಮಿಷದ ಮಾತುಕತೆ ರೆಕಾರ್ಡ್ ಮಾಡುವುದು, ಧ್ವನಿ ಕೇಳಿ ತಿದ್ದುವ ತಂತ್ರಾಂಶ ಆಡಾಸಿಟಿಗೆ ಹಾಕುವುದು ಎಲ್ಲರಿಗೂ ಗೊತ್ತಿರುವುದೇ. ಈ ವಾರವನ್ನೆಲ್ಲ ನುಂಗಿದ್ದು ಒಂದೇ ತೊಡಕು: ನಾನು ನಡುವೆ ಬಾಯಿ ಹಾಕಿ ಎದುರಿನವರ ವಾಕ್ಯದ ಬಾಲ ತುಂಡಾಗುವುದು.

ಒಂದು ತುಣುಕು ನೋಡಿ. "ಅಮ್ಮಂಗೆ ರಾತ್ರಿ ಮಾತ್ರೆ ಕೊಡ್ಲೇಬೇಕು..." ಅನ್ನುವಷ್ಟರಲ್ಲೇ "ಹೌದೌದು, ಕೊಡಿ" ಎಂಬ ನನ್ನ ಉತ್ತರ. ಅವರು ಹೇಳಹೊರಟದ್ದು "...ಅಂತೇನಿಲ್ವಂತೆ". ಕನ್ನಡದಲ್ಲಿ ಇಲ್ಲ, ಬೇಡ, ಬಾರದು ಎಲ್ಲ ಕೂತಿರುವುದು ಕೊನೆಯಲ್ಲಿ. ಅರ್ಧ ಸೆಕೆಂಡ್ ಮೊದಲು ಬಾಯಿ ಹಾಕಿದರೆ ಅರ್ಥವೇ ತಿರುಗಿಬೀಳುತ್ತದೆ.

ಇದು ಬರೀ ಅವಸರದ ಬುದ್ಧಿಯಲ್ಲ. ಮಾತುಕತೆಯ ಸಂಶೋಧಕಿ ಟಾನ್ಯಾ ಸ್ಟೈವರ್ಸ್ ತಂಡ 2009ರಲ್ಲಿ ಹತ್ತು ಭಾಷೆಗಳ ಪ್ರಶ್ನೋತ್ತರ ಅಳೆದಾಗ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಒಂದು ಪದ ಮನಸ್ಸಿನಿಂದ ಬಾಯಿಗೆ ಬರಲು ಸುಮಾರು 600 ಬೇಕು. ಅಂದರೆ ಅವರಿನ್ನೂ ಮಾತಾಡುತ್ತಿರುವಾಗಲೇ ಇಲ್ಲಿ ಉತ್ತರ ಬೇಯುತ್ತಿರುತ್ತದೆ.

ಮನಸ್ಸಿನಲ್ಲೇ ಒಂದು, ಎರಡು ಎಣಿಸುವುದು ಕೈಕೊಟ್ಟಿತು. ಎಣಿಕೆಯತ್ತ ಗಮನ ಹೋಗಿ ಕೊನೆಯ ಪದವೇ ಕೇಳಿಸಲಿಲ್ಲ. ಉಸಿರು ಹಿಡಿದರೆ ಮುಖ ಬಿಗಿದು, "ಏನಾದ್ರೂ ತಪ್ಪು ಹೇಳಿದ್ನಾ?" ಎಂದು ಅವರೇ ನಿಲ್ಲಿಸಿದರು. ಫಲ ಕೊಟ್ಟಿದ್ದು ಇದು: ಅವರ ಕೊನೆಯ ಕ್ರಿಯಾಪದವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ಅದರಿಂದಲೇ ಬಾಯಿ ತೆರೆಯುವುದು. "ಕೊಡ್ಲೇಬೇಕಂತಿಲ್ಲ ಅಂದ್ರಾ ಡಾಕ್ಟ್ರು?" ಕ್ರಿಯಾಪದ ಬಾರದೆ ಬಾಯಿಗೆ ಕೆಲಸವಿಲ್ಲ, ಹಾಗಾಗಿ ಕಿವಿ ತಾನಾಗಿ ಕಾಯುತ್ತದೆ.

ಆಮೇಲೆ ರೆಕಾರ್ಡಿಂಗ್ ಕೇಳುತ್ತ ತಪ್ಪುಗಳನ್ನು ಎಣಿಸುವಾಗ ಆಡಾಸಿಟಿಯಲ್ಲಿ ಕಂಟ್ರೋಲ್-ಬಿ ಒತ್ತಿ ಎರಡು ಬಗೆಯ ಗುರುತು ಹಾಕಿ: ಬಾಲ ತುಂಡಾದದ್ದಕ್ಕೆ 'ಬಾ', ಹೂಂಗುಟ್ಟಿದ್ದಕ್ಕೆ 'ಹೂಂ'. 'ಹೂಂ' ಅನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಹೂಂಗುಟ್ಟದಿದ್ದರೆ ಹೇಳುವವರ ಮಾತೇ ಸೊರಗುತ್ತದೆ. "ಹೂಂ ಹೂಂ ಹೂಂ" ಎಂದು ಒಂದೇ ಉಸಿರಿನಲ್ಲಿ ಮೂರು ಬಿದ್ದರೆ ಮಾತ್ರ ಅದು "ಬೇಗ ಮುಗಿಸಿ" ಎಂದೇ ಕೇಳಿಸುವುದು.

ಕಾಲರ್ ಮೈಕ್ ಮಾರುವವರ ಮೇಲೆ ಸಿಟ್ಟಿದೆ. ಕೆಲವದರಲ್ಲಿ ಸದ್ದು ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಲು ಬರುವುದಿಲ್ಲ, ಹಾಗೆಂದು ಡಬ್ಬಿಯ ಮೇಲೆ ಬರೆಯಬಾರದೇ? ಮೆತ್ತಗೆ ಅಂದ "ಲ್ಲ", "ಹೂಂ" ಎರಡನ್ನೂ ಅದು ಫ್ಯಾನಿನ ಸದ್ದೆಂದು ಕತ್ತರಿಸುತ್ತದೆ. ಫ್ಯಾನ್ ನಿಲ್ಲಿಸಿ, ಮಡಿಚಿದ ಟವೆಲ್ ಮೇಲೆ ಇಬ್ಬರ ನಡುವೆ ಫೋನ್ ಇಟ್ಟರೆ ಅದಕ್ಕಿಂತ ವಾಸಿ.

ಮುಂದಿನದು ಫೋನ್ ಕರೆ. ಅಲ್ಲಿ ದನಿಯೇ ತಡವಾಗಿ ಬರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಆ ತಡ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿರಲಿ ಅನ್ನುತ್ತದೆ, ಬ್ಲೂಟೂತ್ ತನ್ನ ಪಾಲನ್ನೂ ಸೇರಿಸುತ್ತದೆ. ಮೊದಲು ವೈರಿನ ಇಯರ್‌ಫೋನ್, ಆಮೇಲೆ ಬ್ಲೂಟೂತ್. ಅದೇ ವ್ಯಕ್ತಿ, ಅದೇ ಹತ್ತು ನಿಮಿಷ, ಎಣಿಸುವುದು 'ಬಾ' ಮಾತ್ರ.